ಬಣ್ಣದ ಪಟ್ಟಿ ಬಿಡಿ, ಬಾಗಿದ ನೆಕ್‌ನಿಂದ ಶುರುಮಾಡಿ

ಪ್ರಿಯರೇ,

‘ಬೀಟೆಗೆ ಬದಲಿ: ಗಿಟಾರ್ ಫಿಂಗರ್‌ಬೋರ್ಡಿಗೆ ಹತ್ತು ಉಷ್ಣವಲಯದ ಮರಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಏಳನೇ ಪುಟದ ನಾಲ್ಕು ಸಾಲಿಗಾಗಿ ಕೈಬಿಡಲೂ ಮನಸ್ಸಿಲ್ಲ. ಫಿಂಗರ್‌ಬೋರ್ಡ್ ಎಂದರೆ ಗಿಟಾರಿನ ಕತ್ತಿನ, ಅಂದರೆ ನೆಕ್‌ನ, ಮೇಲೆ ಅಂಟಿಸುವ, ಬೆರಳು ಒತ್ತುವ ಹಲಗೆ; ಅದರ ಮೇಲೆ ಅಡ್ಡಲಾಗಿ ಬಡಿಯುವ ಲೋಹದ ಪಟ್ಟಿಗಳೇ ಫ್ರೆಟ್. ಕಟಲಾಕ್ಸ್ ಎಂಬ ಬಲು ಗಡಸು ಮರದಲ್ಲಿ ನೀವೇ ಮಾಡಿದ ಫಿಂಗರ್‌ಬೋರ್ಡಿಗೆ ಕೊನೆಯ ಫ್ರೆಟ್ ಬಡಿಯುವಷ್ಟರಲ್ಲಿ ನೆಕ್ ಹಿಂದಕ್ಕೆ ಬಾಗಿತ್ತು ಎಂದು ಅಲ್ಲಿ ಬರೆದಿದ್ದೀರಿ. ಅಷ್ಟು ಹೇಳಿ, ಮುಂದಿನ ಮರದ ಬಣ್ಣ ವರ್ಣಿಸಲು ಹೋಗಿಬಿಟ್ಟಿದ್ದೀರಿ.

ಯಾಕೆ ಬಾಗಿತು? ಓದುವವರು ಕೇಳುವುದು ಇದನ್ನೇ. ಫ್ರೆಟ್ಟಿನ ಕೆಳಗಿನ ನಾಲಿಗೆಯ ಎರಡೂ ಮಗ್ಗುಲಲ್ಲಿ ಸಣ್ಣ ಮುಳ್ಳುಗಳಿರುತ್ತವೆ. ಬೀಟೆಯಾದರೆ ಮುಳ್ಳು ಒತ್ತಿದ ಕಡೆ ಮರ ತುಸು ಅದುಮಿಕೊಂಡು ಜಾಗ ಕೊಡುತ್ತದೆ. ಕಟಲಾಕ್ಸ್ ಅಷ್ಟು ಸುಲಭಕ್ಕೆ ಕೊಡುವುದಿಲ್ಲ. ನಾಲಿಗೆ ಕೂರುವ ಸೀಳು ಬಿಗಿಯಾಗಿದ್ದರೆ ಒಂದೊಂದು ಫ್ರೆಟ್ಟೂ ಒಂದೊಂದು ಬೆಣೆ. ಇಪ್ಪತ್ತೆರಡು ಬೆಣೆ ಸಾಲಾಗಿ ಬಡಿದರೆ ಫಿಂಗರ್‌ಬೋರ್ಡಿನ ಮೇಲ್ಮೈ ಹಿಗ್ಗುತ್ತದೆ, ನೆಕ್ ಹಿಂದಕ್ಕೆ ಬಾಗಲೇಬೇಕು. ಸೀಳನ್ನು ಕೂದಲೆಳೆಯಷ್ಟು ಅಗಲ ಮಾಡಬಹುದಿತ್ತು, ಇಲ್ಲವೇ ಮುಳ್ಳುಗಳನ್ನು ಅರದಿಂದ ತಗ್ಗಿಸಬಹುದಿತ್ತು. ಸೀಳಿನ ಬಾಯಂಚನ್ನು ತ್ರಿಕೋನ ಅರದಿಂದ ಹಗುರವಾಗಿ ಉಜ್ಜಿಟ್ಟರೆ ಮುಂದೊಂದು ದಿನ ಫ್ರೆಟ್ ಕೀಳುವಾಗ ಚಕ್ಕೆ ಏಳುವುದೂ ಕಡಿಮೆ. ನೀವು ಆಮೇಲೆ ಏನು ಮಾಡಿದಿರಿ? ಬೋರ್ಡ್ ಉಳಿಯಿತೇ? ಬರೆಯಿರಿ.

ಗಡಸುತನದ ಕೋಷ್ಟಕಕ್ಕೆ ನೀವು ಒಂದಿಡೀ ಪುಟ ಕೊಟ್ಟಿದ್ದೀರಿ. ಜಂಕಾ ಅಳತೆಯಲ್ಲಿ ಬೀಟೆ ಸುಮಾರು 2440, ಕಟಲಾಕ್ಸ್ 3660, ಪಾವ್ ಫೆರೋ 1960. ಅಂಕಿಗಳು ಸರಿ. ಅವುಗಳಿಂದ ನೀವು ಕಟ್ಟಿದ ‘ಗಡಸಾದಷ್ಟೂ ಒಳ್ಳೆಯದು’ ಎಂಬ ತೀರ್ಮಾನ ಸರಿಯಲ್ಲ. ಅದೇ ಅಳತೆಯಲ್ಲಿ 1450ರ ಆಸುಪಾಸಿನ ಮೇಪಲ್ ಮರದ ಮೇಲೆ 1950ರ ದಶಕದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಾರೆ. ಉಕ್ಕಿನ ಗುಂಡನ್ನು ಅರ್ಧದಷ್ಟು ಮರದೊಳಕ್ಕೆ ಒತ್ತಲು ಎಷ್ಟು ಬಲ ಬೇಕು ಎಂಬುದನ್ನಷ್ಟೇ ಜಂಕಾ ಹೇಳುತ್ತದೆ. ಗಾಳಿ ಒಣಗಿದಾಗ ಹಲಗೆ ಅಗಲದಲ್ಲಿ ಎಷ್ಟು ಕುಗ್ಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಮರ ಕುಗ್ಗುತ್ತದೆ, ಫ್ರೆಟ್ಟಿನ ಲೋಹ ಕುಗ್ಗುವುದಿಲ್ಲ. ತುದಿಗಳು ಅಂಚಿನಿಂದ ಹೊರಬಂದು ಅಂಗೈ ಗೀರುತ್ತವೆ. ನಿಮ್ಮ ಹತ್ತು ಮರಗಳಲ್ಲಿ ಒಂದಕ್ಕೂ ಈ ಮಾತಿಲ್ಲ. ಆಫ್ರಿಕದ ವೆಂಗೆ ಮರದ ಒರಟು ರಂಧ್ರ, ಉಜ್ಜುಗೊರಡು ಹಾಕಿದರೆ ಕಿತ್ತುಬರುವ ಹೆಣೆದೆಳೆಯ ಮರಗಳು, ಅಂಟು ಹಿಡಿಯದಷ್ಟು ಎಣ್ಣೆಯಂಶ ಇರುವವು, ಇವೂ ಇಲ್ಲ.

‘ಬೆಚ್ಚಗಿನ ದನಿ’ ಎಂಬ ಮಾತು ಆರು ಸಲ ಬಂದಿದೆ. ಆರನ್ನೂ ಹೊಡೆದುಹಾಕಿದ್ದೇನೆ.

ಕಾನೂನಿನ ಭಾಗ ತಪ್ಪಾಗಿದೆ, ಇಲ್ಲಿ ನಾನು ಸಡಿಲ ಬಿಡುವುದಿಲ್ಲ. 2017ರಲ್ಲಿ ಬೀಟೆ ‘ನಿಷೇಧ’ವಾಗಲಿಲ್ಲ. ಆ ವರ್ಷ ಜನವರಿ 2ರಿಂದ ಬೀಟೆ (ರೋಸ್‌ವುಡ್) ಸೇರಿರುವ ಡಾಲ್ಬರ್ಜಿಯಾ ಕುಲದ ಮರಗಳೆಲ್ಲ, ಅಳಿವಿನ ಭೀತಿಯ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಬಂದವು. ಅಂದರೆ ಗಡಿ ದಾಟಿಸಿ ವ್ಯಾಪಾರ ಮಾಡಲು ಪರವಾನಗಿ ಬೇಕು. 1992ರಿಂದಲೇ ಅತಿ ಕಟ್ಟುನಿಟ್ಟಿನ ಮೊದಲನೇ ಅನುಬಂಧದಲ್ಲಿರುವ ಬ್ರೆಜಿಲಿನ ಬೀಟೆಯ ಕಥೆ ಬೇರೆ. 2019ರ ನವೆಂಬರ್‌ನಲ್ಲಿ ಎರಡನೇ ಅನುಬಂಧದ ಬೀಟೆಗಳಿಂದ ಮಾಡಿ ಮುಗಿಸಿದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಕಚ್ಚಾ ಹಲಗೆಗಲ್ಲ. ಇನ್ನು ‘ಕಾಗದಪತ್ರದ ಗೋಜಿಲ್ಲ’ ಎಂದು ನೀವು ಸೂಚಿಸಿದ ಆಫ್ರಿಕದ ಬುಬಿಂಗಾ ಮರ 2017ರಲ್ಲಿ ಅದೇ ದಿನ ಅದೇ ಪಟ್ಟಿಗೆ ಸೇರಿತು. ದಕ್ಷಿಣ ಅಮೆರಿಕದ ಇಪೆ ಮರ 2024ರ ನವೆಂಬರ್‌ನಿಂದ ಅಲ್ಲಿದೆ. ನಿಮ್ಮನ್ನು ನಂಬಿ ಹಲಗೆ ತರಿಸಿದವರ ದುಡ್ಡು ಸುಂಕದ ಕಟ್ಟೆಯಲ್ಲೇ ಉಳಿದೀತು.

ಹೆಸರುಗಳಲ್ಲೂ ಎಚ್ಚರ ಬೇಕು. ‘ಬೊಲಿವಿಯನ್ ರೋಸ್‌ವುಡ್’ ಎಂದು ಮಾರುವ ಪಾವ್ ಫೆರೋವನ್ನು ಬೀಟೆಯ ಜಾತಿ ಎಂದಿದ್ದೀರಿ. ಅದು ಮಕೇರಿಯಂ ಕುಲದ್ದು. ಡಾಲ್ಬರ್ಜಿಯಾ ನಿಯಮ ಅದಕ್ಕೆ ತಾಗದಿರುವುದು ಅದಕ್ಕೇ. ‘ಇಂಡಿಯನ್ ಲಾರೆಲ್’ ಎಂದು ನೀವು ದೂರದ ಮರದಂತೆ ವರ್ಣಿಸಿದ್ದು ನಮ್ಮ ಮತ್ತಿ. ಕನ್ನಡದಲ್ಲಿ ಬರೆಯುವಾಗ ಆ ಹೆಸರೇ ಮೊದಲು ಬರಲಿ. ಪಾವ್ ಫೆರೋದ ಹುಡಿಯಿಂದ ಮೈ ತುರಿಸಿ ದದ್ದು ಏಳಬಹುದು ಎಂಬ ಎಚ್ಚರಿಕೆಯನ್ನು ಕೊನೆಯ ಪುಟದ ತುದಿಯಲ್ಲಿಟ್ಟಿದ್ದೀರಿ. ಗರಗಸ ಹಿಡಿಯುವ ಮಾತು ಬರುವ ಮೊದಲೇ ಮುಖಗವಸಿನ ಮಾತು ಬರಬೇಕು.

ನನಗೆ ನಿಜಕ್ಕೂ ನೋವು ಕೊಟ್ಟದ್ದು ಎಬೊನಿ ಎಂಬ ಕರಿಮರದ ಬಗ್ಗೆ ನೀವು ಬರೆದ ಸಾಲು: ‘ಗೆರೆಯಿಲ್ಲದ ಅಪ್ಪಟ ಕಪ್ಪನ್ನೇ ಆರಿಸಿ.’ ಅಮೆರಿಕದ ಗಿಟಾರ್ ತಯಾರಕ ಕಂಪನಿ ಟೇಲರ್ ಗಿಟಾರ್ಸ್ 2011ರಲ್ಲಿ ಕ್ಯಾಮರೂನಿನಲ್ಲಿ ಎಬೊನಿ ಗಿರಣಿಯೊಂದನ್ನು ಪಾಲುದಾರರೊಡನೆ ಕೊಂಡಾಗ ಕಂಡದ್ದು ಇದು: ಅಪ್ಪಟ ಕಪ್ಪಿರುವುದು ಹತ್ತರಲ್ಲಿ ಒಂದೇ ಮರ. ಕಡಿಯದೆ ಒಳಗಿನ ಬಣ್ಣ ತಿಳಿಯದು. ಕಂದುಗೆರೆ ಕಂಡರೆ ಬೆಲೆ ಬಾರದೆಂದು ಕಡಿದ ಮರವನ್ನು ಕಾಡಿನಲ್ಲೇ ಬಿಟ್ಟು ಬರುತ್ತಿದ್ದರು. ಗೆರೆಯಿದ್ದ ಮಾತ್ರಕ್ಕೆ ಫ್ರೆಟ್ ಕೂರುವುದರಲ್ಲಿ, ಬಾಳಿಕೆಯಲ್ಲಿ ಏನೂ ಕೊರತೆಯಿಲ್ಲ. ಆ ಸಾಲು ನಮ್ಮಲ್ಲಿ ಅಚ್ಚಾಗುವುದಿಲ್ಲ. ಅದರ ಜಾಗದಲ್ಲಿ ಈ ಸಂಗತಿ ಬರೆಯಿರಿ.

ಹತ್ತು ಮರ ಬೇಡ. ನೀವು ಕೈಯಾರೆ ಕೊರೆದು, ಉಜ್ಜಿ, ಫ್ರೆಟ್ ಬಡಿದಿರುವ ಮೂರು ಸಾಕು. ಕಟಲಾಕ್ಸ್ ಮೊದಲು ಬರಲಿ. ಬಾಗಿದ ಆ ನೆಕ್ ಇನ್ನೂ ನಿಮ್ಮಲ್ಲಿದ್ದರೆ, ಮೇಲೆ ನೇರಪಟ್ಟಿ ಇಟ್ಟು ಪಕ್ಕದಿಂದ ಒಂದು ಫೋಟೊ ತೆಗೆದು ಲೇಖನದ ಜೊತೆ ಕಳಿಸಿ.

ಸಂಪಾದಕ