ಚಳಿಗೆ ಎರಡನೇ ಗೇರ್ ಬೀಳ್ತಿಲ್ಲ, ಯಾವ ಆಯಿಲ್ ಹಾಕಿಸಲಿ?

ಪ್ರಶ್ನೆ: ಸರ್, ನನ್ನದು ಐದು ಗೇರಿನ ಪಿಕಪ್, 2015ರ ಮಾಡೆಲ್. ಚಿಕ್ಕಬಳ್ಳಾಪುರದಲ್ಲಿ ತರಕಾರಿ ತುಂಬಿಕೊಂಡು ಬೆಳಗಿನ ಜಾವ ಮೂರೂವರೆಗೆ ಹೊರಟು ಕಲಾಸಿಪಾಳ್ಯಕ್ಕೆ ಬರುತ್ತೇನೆ. ಡಿಸೆಂಬರ್ ಬಂತೆಂದರೆ ಒಂದರಿಂದ ಎರಡಕ್ಕೆ ಹಾಕುವಾಗ ಲಿವರ್ ಗಟ್ಟಿ, ಒಮ್ಮೊಮ್ಮೆ ಕರ್ರ್ ಅಂತ ಸದ್ದು. ದೇವನಹಳ್ಳಿ ದಾಟುವಷ್ಟರಲ್ಲಿ ಬೆಣ್ಣೆ ಹಾಗೆ ಬೀಳುತ್ತದೆ. ಮೆಕ್ಯಾನಿಕ್ "ನೈಂಟಿ ಆಯಿಲ್ ಇಳಿಸಿ ಸಿಂಥೆಟಿಕ್ ಹಾಕ್ಸಿ" ಅನ್ನುತ್ತಾನೆ. ಆಯಿಲ್ ಅಂಗಡಿಯವರು "ಜಿಎಲ್-5 ತಗೊಳ್ಳಿ, 4ಕ್ಕಿಂತ 5 ಒಳ್ಳೇದಲ್ವಾ" ಅನ್ನುತ್ತಾರೆ. ಯಾರ ಮಾತು ಕೇಳಲಿ?
– ತರಕಾರಿ ಗಾಡಿಯವ, ಯಲಹಂಕ

ಉತ್ತರ: ಮೆಕ್ಯಾನಿಕ್ ಹೇಳಿದ್ದು ಮುಕ್ಕಾಲು ಪಾಲು ಸರಿ. ಅಂಗಡಿಯವರ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡಿ.

ಮೊದಲು ಒಂದು ಪರೀಕ್ಷೆ ಮಾಡಿ. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ, ಕ್ಲಚ್ ಪೂರ್ತಿ ತುಳಿದು ಎರಡು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಆಗಲೂ ಸದ್ದು ಬಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಕೇಬಲ್ಲೋ ಕ್ಲಚ್ ಸಿಲಿಂಡರೋ ನೋಡಿಸಬೇಕು, ಅದಕ್ಕೆ ಎಂಥ ದುಬಾರಿ ಗೇರ್ ಆಯಿಲ್ ಹಾಕಿದರೂ ದಂಡ. ಸದ್ದು ಬರದೆ ಮೆತ್ತಗೆ ಬಿದ್ದರೆ ಆಯಿಲ್ ಮೇಲೆ ಅನುಮಾನ ಪಡಬಹುದು. ನಿಮ್ಮದು ಅದೇ ಜಾತಿಯ ತೊಂದರೆ ಅಂತ ನನಗನ್ನಿಸುತ್ತೆ.

ಗೇರ್ ಬಾಕ್ಸ್ ಒಳಗೆ ಸಿಂಕ್ರೋ ರಿಂಗ್ ಅಂತ ಇರುತ್ತವೆ, ಹೆಚ್ಚಿನ ಗಾಡಿಗಳಲ್ಲಿ ಹಿತ್ತಾಳೆಯವು. ಲಿವರ್ ತಳ್ಳಿದಾಗ ಈ ರಿಂಗ್ ಹೋಗಿ ಗೇರಿನ ಕೋನ್ ಮೇಲೆ ಉಜ್ಜಿ, ಗೇರನ್ನೂ ಶಾಫ್ಟನ್ನೂ ಒಂದೇ ವೇಗಕ್ಕೆ ತರುತ್ತದೆ. ಉಜ್ಜಬೇಕಾದರೆ ನಡುವೆ ಇರುವ ಆಯಿಲ್ ಪಕ್ಕಕ್ಕೆ ಸರಿಯಬೇಕು. ರಿಂಗಿನ ಒಳಮೈಯಲ್ಲಿ ಸಣ್ಣ ಸಣ್ಣ ಗೆರೆ ಕೊರೆದಿರುವುದು ಅದಕ್ಕೇ. ಬೆಳಗಿನ ಜಾವ ಆಯಿಲ್ ಹರಳೆಣ್ಣೆ ಹಾಗೆ ಮಂದವಾಗಿದ್ದರೆ ಬೇಗ ಸರಿಯಲ್ಲ, ರಿಂಗ್ ಹಿಡಿತ ಸಿಗದೆ ಜಾರುತ್ತದೆ, ನಿಮ್ಮ ಕೈಗೆ ಲಿವರ್ ಗಟ್ಟಿ ಅನ್ನಿಸುತ್ತದೆ.

ಈಗ ನಂಬರ್ ವಿಚಾರ. ಮೆಕ್ಯಾನಿಕ್ ನೈಂಟಿ ಅಂದಿದ್ದು ಸಾದಾ 80ಡಬ್ಲ್ಯು-90 ಆಯಿಲನ್ನು. 80ಡಬ್ಲ್ಯು-90, 75ಡಬ್ಲ್ಯು-90 ಅಂತ ಡಬ್ಬದ ಮೇಲೆ ಇರುತ್ತಲ್ಲ, ಕೊನೆಯ 90 ಅನ್ನುವುದು ಆಯಿಲ್ 100 ಡಿಗ್ರಿ ಬಿಸಿಯಲ್ಲಿರುವಾಗಿನ ದಪ್ಪ. ಹಾಗಾಗಿ ಬಿಸಿಯಾದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ. ಡಬ್ಲ್ಯು ಅಂದರೆ ವಿಂಟರ್, ಅದರ ಹಿಂದಿನ ನಂಬರ್ ಚಳಿಯದು. 80ಡಬ್ಲ್ಯು ಆಯಿಲನ್ನು ಮೈನಸ್ 26 ಡಿಗ್ರಿಯಲ್ಲಿ ಪರೀಕ್ಷೆ ಮಾಡಿರುತ್ತಾರೆ, 75ಡಬ್ಲ್ಯುವನ್ನು ಮೈನಸ್ 40ರಲ್ಲಿ. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು! ಅಂದ ಮೇಲೆ ನಮ್ಮೂರ ಚಳಿಗೆ ಯಾವ ಆಯಿಲ್ಲೂ ಗಡ್ಡೆ ಕಟ್ಟಲ್ಲ. ಆದರೆ ಮಂದ ಆಗೋದು ನಿಜ. ಸಾಮಾನ್ಯ 80ಡಬ್ಲ್ಯು-90 ಆಯಿಲ್ 100 ಡಿಗ್ರಿಯಿಂದ 40ಕ್ಕೆ ಇಳಿಯುವಷ್ಟರಲ್ಲೇ ಸುಮಾರು 9-10 ಪಟ್ಟು ದಪ್ಪ ಆಗುತ್ತದೆ, ನಿಮ್ಮ ಗಾಡಿ ಹೊರಡುವ ಹೊತ್ತಿಗೆ ಅದು 15ರ ಆಸುಪಾಸಿನಲ್ಲಿರುತ್ತೆ, ಲೆಕ್ಕ ಹಾಕಿಕೊಳ್ಳಿ.

ನಾನೊಮ್ಮೆ ಇದನ್ನು ಕಣ್ಣಾರೆ ನೋಡೋಣ ಅಂತ ಎರಡು ಗಾಜಿನ ಬಾಟಲಿಗೆ ಎರಡು ಥರದ ಆಯಿಲ್ ಅರ್ಧರ್ಧ ತುಂಬಿ ರಾತ್ರಿ ಫ್ರಿಜ್ಜಿನಲ್ಲಿಟ್ಟಿದ್ದೆ, ದೋಸೆ ಹಿಟ್ಟಿನ ಪಾತ್ರೆ ಪಕ್ಕದಲ್ಲಿ. ಮನೆಯವಳ ಹತ್ತಿರ ಬೈಸಿಕೊಂಡಿದ್ದು ಬೇರೆ ಕತೆ. ಬೆಳಿಗ್ಗೆ ಎರಡನ್ನೂ ಒಟ್ಟಿಗೆ ಬಗ್ಗಿಸಿದರೆ ಸಿಂಥೆಟಿಕ್ 75ಡಬ್ಲ್ಯು-90 ಸರಕ್ಕನೆ ಮೂತಿಗೆ ಬಂತು. ಸಾದಾ ನೈಂಟಿ ಗಾಜಿಗೆ ಅಂಟಿಕೊಂಡು, ಜೇನುತುಪ್ಪದ ಹಾಗೆ ಎಳೆದುಕೊಂಡು ನಿಧಾನಕ್ಕೆ ಇಳಿಯಿತು. ನಿಮ್ಮ ಸಿಂಕ್ರೋ ರಿಂಗ್ ದಿನಾ ಬೆಳಿಗ್ಗೆ ಒದ್ದಾಡುವುದು ಇದರ ಜೊತೆಗೇ.

ಆದ್ದರಿಂದ ಸಿಂಥೆಟಿಕ್ 75ಡಬ್ಲ್ಯು-90 ಹಾಕಿಸಿ, ನಿಮ್ಮ ಗಾಡಿ ಬುಕ್‌ನಲ್ಲಿ ಆ ಗ್ರೇಡಿಗೆ ಒಪ್ಪಿಗೆ ಇದ್ದರೆ. ಬೆಲೆ ಜಾಸ್ತಿ, ನಿಜ. ಆದರೆ ಸಿಂಕ್ರೋ ರಿಂಗ್ ಸವೆದು ಗೇರ್ ಬಾಕ್ಸ್ ಇಳಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಇನ್ನು ಆ 4, 5ರ ಗೊಂದಲ. ಜಿಎಲ್ ಅಂದರೆ ಗೇರ್ ಆಯಿಲ್ ಎಂಥ ಕೆಲಸಕ್ಕೆ ಮಾಡಿದ್ದು ಅಂತ ಹೇಳುವ ಗುರುತು. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ ಸ್ವಾಮಿ, 5 ಬಂದರೆ 4ಕ್ಕಿಂತ ಮೇಲು ಅನ್ನೋಕೆ. ಜಿಎಲ್-5 ಮುಖ್ಯವಾಗಿ ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್‌ಗೆ, ಅಂದರೆ ಚಕ್ರ ತಿರುಗಿಸುವ ಹಲ್ಲುಗಾಲಿ ಜೋಡಿಗೆ ಮಾಡಿದ್ದು. ಅಲ್ಲಿ ಹಲ್ಲು ಹಲ್ಲಿಗೆ ಉಜ್ಜುವ ಒತ್ತಡ ವಿಪರೀತ, ಅದಕ್ಕೆ ಗಂಧಕ, ರಂಜಕದ ಸಾಮಾನು ಜಿಎಲ್-4ರಲ್ಲಿ ಇರುವುದಕ್ಕಿಂತ ಜಾಸ್ತಿ ಹಾಕಿರುತ್ತಾರೆ. ಆ ಗಂಧಕ ಕೆಲವು ಆಯಿಲ್‌ಗಳಲ್ಲಿ ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನುತ್ತದೆ. ಸಾಲದ್ದಕ್ಕೆ ಆ ಆಯಿಲ್ ಜಾರುವುದೂ ಜಾಸ್ತಿ, ಸಿಂಕ್ರೋ ರಿಂಗ್‌ಗೆ ಬೇಕಾಗಿರುವುದು ಹಿಡಿತ. ಬುಕ್‌ನಲ್ಲಿ ಜಿಎಲ್-4 ಅಂತಿದ್ದರೆ ಜಿಎಲ್-4ನ್ನೇ ತಗೊಳ್ಳಿ. ಬುಕ್‌ನಲ್ಲೇ ಜಿಎಲ್-5 ಅಂತಿದ್ದರೆ ಧಾರಾಳವಾಗಿ ಅದನ್ನೇ ಹಾಕಿ, ಆ ಬಾಕ್ಸನ್ನು ಅದಕ್ಕೆ ತಕ್ಕ ಹಾಗೆ ಮಾಡಿರುತ್ತಾರೆ. ಎಂಟಿ-1 ಅಂತ ಬರೆದ ಡಬ್ಬ ಕಂಡು ಎಂಟಿ ಅಂದರೆ ಮ್ಯಾನುವಲ್ ಅಲ್ವಾ ಅಂತ ಎತ್ತಿಕೊಂಡು ಬರಬೇಡಿ, ಅದು ಸಿಂಕ್ರೋ ಇಲ್ಲದ ದೊಡ್ಡ ಲಾರಿ-ಬಸ್ಸುಗಳ ಗೇರ್ ಬಾಕ್ಸಿನದು.

ನನಗಿರುವ ಇನ್ನೊಂದು ಅನುಮಾನ, ಆಕ್ಸಲ್ಲಿಗೆ ಹಾಕುವ, ನೈಂಟಿಗಿಂತ ದಪ್ಪನೆಯ 140 ಆಯಿಲನ್ನು ಹಿಂದೆ ಯಾರೋ ಗೇರ್ ಬಾಕ್ಸಿಗೂ ಸುರಿದಿರಬಹುದು. ಸದ್ದು ಕಮ್ಮಿ ಆಗಲಿ ಅಂತ ಹೀಗೆ ಮಾಡುವವರಿದ್ದಾರೆ. ಹಾಗಿದ್ದರೆ ಸರಿಯಾದ 80ಡಬ್ಲ್ಯು-90 ಹಾಕಿದರೂ ಅರ್ಧ ರೋಗ ವಾಸಿ.

ಬದಲಿಸುವಾಗ ಎದುರಿಗೇ ನಿಂತಿರಿ. ಗಾಡಿ ಬಿಸಿ ಇರಲಿ, ಸಮತಟ್ಟು ಜಾಗದಲ್ಲಿರಲಿ. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಸಿ, ಆಮೇಲೆ ಕೆಳಗಿನದು. ಉಲ್ಟಾ ಮಾಡಿ, ಎಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರದಿದ್ದರೆ ಗಾಡಿ ಅಲ್ಲೇ ಮಲಗುತ್ತದೆ. ಕೆಳಗಿನ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಮಾಮೂಲಿ. ಇಳಿದ ಆಯಿಲನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿ ಹಾಗೆ ಮಿಣುಗಿದರೆ ರಿಂಗ್ ಸವೆದಿದೆ, ಆಗ ಆಯಿಲ್ ಒಂದರಿಂದಲೇ ಕೆಲಸ ಆಗಲ್ಲ.

ಅಲ್ಲಿಯವರೆಗೆ, ಬೆಳಿಗ್ಗೆ ಟಾರ್ಪಾಲಿನ ಹಗ್ಗ ಬಿಗಿಯುವಾಗಲೇ ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲಿ. ಕ್ಲಚ್ ಬಿಟ್ಟಿದ್ದರೆ ಒಳಗಿನ ಶಾಫ್ಟ್ ತಿರುಗಿ ಆಯಿಲ್ ಕಲಕುತ್ತದೆ. ಮೊದಲ ಒಂದೆರಡು ಕಿಲೋಮೀಟರ್ ಡಬಲ್ ಕ್ಲಚ್ ಹೊಡೆಯಿರಿ, ಹಳೇ ಲಾರಿ ಡ್ರೈವರ್‌ಗಳ ಹಾಗೆ: ಕ್ಲಚ್ ತುಳಿದು ನ್ಯೂಟ್ರಲ್‌ಗೆ ತಂದು, ಕ್ಲಚ್ ಒಮ್ಮೆ ಬಿಟ್ಟು, ಮತ್ತೆ ತುಳಿದು ಮುಂದಿನ ಗೇರ್ ಹಾಕುವುದು.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗ ತನ್ನ ಮ್ಯಾನುವಲ್ ಪಿಕಪ್ಪಿಗೆ ಆಟೋಮ್ಯಾಟಿಕ್ ಗಾಡಿಯ ಕೆಂಪು ಆಯಿಲ್ ಹಾಕುತ್ತಾನಂತೆ, ಚಳಿಯಲ್ಲಿ ಗೇರ್ ಸಲೀಸು ಅಂತಾನೆ. ನಾನೂ ಒಂದು ಡಬ್ಬ ತಂದಿಟ್ಟಿದ್ದೇನೆ. ಹಾಕಲಾ?
– ಗೂಡ್ಸ್ ಗಾಡಿ ಮಾಲೀಕರು, ಪೀಣ್ಯ

ಉತ್ತರ: ಅವನು ಸುಳ್ಳು ಹೇಳ್ತಿಲ್ಲ. ಅಲ್ಲಿ ಫೋರ್ಡ್ ರೇಂಜರ್‌ನಂಥ ಕೆಲವು ಪಿಕಪ್‌ಗಳ ಐದು ಗೇರಿನ ಬಾಕ್ಸಿಗೆ ಕಂಪನಿಯೇ ಆ ಆಯಿಲ್ ಹೇಳಿತ್ತು, ಬೇರಿಂಗು, ರಿಂಗು ಎಲ್ಲ ಅದಕ್ಕೆ ಹೊಂದುವ ಹಾಗೆ ಮಾಡಿದ್ದರು. ನಿಮ್ಮದು ನೈಂಟಿ ಕುಡಿಯುವ ಬಾಕ್ಸ್. ಬಿಸಿಯಾದಾಗ ಆ ಕೆಂಪು ಆಯಿಲಿನ ದಪ್ಪ ನೈಂಟಿಯ ಹೆಚ್ಚುಕಡಿಮೆ ಅರ್ಧದಷ್ಟೇ. ಜನವರಿಯಲ್ಲಿ ಗೇರ್ ಸಲೀಸಾಗಿ ಬಿದ್ದೀತು, ಏಪ್ರಿಲ್ಲಿನಲ್ಲಿ ಫುಲ್ ಲೋಡ್ ಹಾಕಿ ಶಿರಾಡಿ ಘಾಟಿ ಹತ್ತಿದಾಗ ಬೇರಿಂಗ್ ಕೂಗುತ್ತದೆ. ಡಬ್ಬದ ಸೀಲ್ ಒಡೆಯದಿದ್ದರೆ ಬಿಲ್ ತಗೊಂಡು ಹೋಗಿ ವಾಪಸ್ ಕೊಡಿ. ಜೆ.ಸಿ. ರಸ್ತೆಯ ಅಂಗಡಿಯಾದರೆ ಗೊಣಗಿಕೊಂಡಾದರೂ ತಗೋಬಹುದು.