ಗಣಿತ ಪ್ರಶ್ನೋತ್ತರ: ಸಂಭವನೀಯತೆಯಲ್ಲಿ ಎಣಿಕೆ ತಪ್ಪುವುದೆಲ್ಲಿ?

ಪ್ರಶ್ನೆ: ಒಂದು ಚೀಲದಲ್ಲಿ 5 ಕೆಂಪು ಮತ್ತು 4 ನೀಲಿ ಚೆಂಡುಗಳಿವೆ. ನೋಡದೆ 3 ಚೆಂಡುಗಳನ್ನು ತೆಗೆದರೆ ಅವುಗಳಲ್ಲಿ ಸರಿಯಾಗಿ ಎರಡು ಕೆಂಪಾಗಿರುವ ಸಂಭವನೀಯತೆ ಎಷ್ಟು? 5/9, 4/8, 4/7 ಇವುಗಳನ್ನು ಗುಣಿಸಿದಾಗ ನನಗೆ 10/63 ಬಂತು. ಪುಸ್ತಕದ ಉತ್ತರ 10/21. ತಪ್ಪೆಲ್ಲಿದೆ?
(ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಹಾಸನ)

ಉತ್ತರ: ನಿಮ್ಮ ಗುಣಾಕಾರ ಸರಿಯಾಗಿಯೇ ಇದೆ, ಆದರೆ ನೀವು ಕಂಡುಕೊಂಡಿರುವುದು ಬೇರೊಂದು ಘಟನೆಯ ಸಂಭವನೀಯತೆ. ಮೊದಲು ಕೆಂಪು, ಆಮೇಲೆ ಕೆಂಪು, ಕೊನೆಗೆ ನೀಲಿ ಎಂಬ ಒಂದೇ ಒಂದು ಕ್ರಮ ಮಾತ್ರ ಅದರಲ್ಲಿ ಲೆಕ್ಕಕ್ಕೆ ಬಂದಿದೆ. ನೀಲಿ ಚೆಂಡು ಮೊದಲು ಬಂದರೂ, ನಡುವೆ ಬಂದರೂ, ಕೊನೆಗೆ ಬಂದರೂ ಕೈಯಲ್ಲಿ ಉಳಿಯುವುದು ಎರಡು ಕೆಂಪು ಮತ್ತು ಒಂದು ನೀಲಿಯೇ ಆಗಿರುವುದರಿಂದ, ಮೂರು ಕ್ರಮಗಳನ್ನೂ ಸೇರಿಸಬೇಕು. ಆಗ 10/63 ಮೂರು ಪಟ್ಟಾಗಿ 10/21 ಆಗುತ್ತದೆ.

ವಿಕಲ್ಪಗಳ ದಾರಿಯಲ್ಲಿ ಕ್ರಮದ ಗೊಡವೆಯನ್ನು ಮೊದಲೇ ಬಿಟ್ಟುಬಿಡುತ್ತೇವೆ. ಒಂಬತ್ತು ಚೆಂಡುಗಳಿಂದ ಮೂರನ್ನು ಒಂದಾದ ಮೇಲೊಂದರಂತೆ ತೆಗೆಯಲು 9 × 8 × 7, ಅಂದರೆ 504 ವಿಧಗಳಿವೆ. ಅದೇ ಮೂರು ಚೆಂಡುಗಳ ಗುಂಪು ಈ 504ರಲ್ಲಿ ಆರು ಸಲ ಬರುತ್ತದೆಯಾದ್ದರಿಂದ ಬೇರೆ ಬೇರೆ ಗುಂಪುಗಳು 84 ಮಾತ್ರ. ಮೇಲೆ ಇಳಿಯುತ್ತಾ ಹೋಗುವ ಸಂಖ್ಯೆಗಳ ಗುಣಲಬ್ಧ, ಕೆಳಗೆ 1, 2, 3 ಎಂದು ಏರುವ ಸಂಖ್ಯೆಗಳ ಗುಣಲಬ್ಧ ಎಂಬ ಈ ನಿಯಮವನ್ನು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಸಾಮಾನ್ಯ ರೂಪದಲ್ಲಿಯೇ ಹೇಳಿದ್ದಾರೆ. ನಮ್ಮ ನಾಡಿನ ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು ಎಂಬುದು ನನ್ನ ಆಸೆ.

ಇನ್ನು ಅನುಕೂಲಕರ ಗುಂಪುಗಳು: ಐದು ಕೆಂಪಿನಲ್ಲಿ ಎರಡನ್ನು 10 ವಿಧಗಳಲ್ಲಿ, ನಾಲ್ಕು ನೀಲಿಯಲ್ಲಿ ಒಂದನ್ನು 4 ವಿಧಗಳಲ್ಲಿ ಆರಿಸಬಹುದು. 40ನ್ನು 84ರಿಂದ ಭಾಗಿಸಿದರೆ ಅದೇ 10/21. ಯಾವ ದಾರಿ ಹಿಡಿದರೂ ಸರಿ, ಆದರೆ ಅಂಶವನ್ನು ಕ್ರಮಸಹಿತವಾಗಿ ಎಣಿಸಿ ಛೇದವನ್ನು ಕ್ರಮರಹಿತವಾಗಿ ಎಣಿಸಬಾರದು. ಪರೀಕ್ಷೆಯಲ್ಲಿ ಅಂಕ ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಪ್ರಶ್ನೆ: 6 ಹುಡುಗರು ಮತ್ತು 4 ಹುಡುಗಿಯರಲ್ಲಿ ಮೂವರ ಸಮಿತಿಯನ್ನು ಚೀಟಿ ಎತ್ತಿ ಆರಿಸುತ್ತಾರೆ. ಕನಿಷ್ಠ ಒಬ್ಬ ಹುಡುಗಿ ಇರುವ ಸಂಭವನೀಯತೆಗಾಗಿ ಮೊದಲು ಒಬ್ಬ ಹುಡುಗಿಯನ್ನು 4 ವಿಧಗಳಲ್ಲಿ, ಉಳಿದ ಒಂಬತ್ತು ಜನರಿಂದ ಇಬ್ಬರನ್ನು 36 ವಿಧಗಳಲ್ಲಿ ಆರಿಸಿದೆ. 144 ಬಂತು, ಆದರೆ ಒಟ್ಟು ಸಮಿತಿಗಳೇ 120!
(ಶಿಕ್ಷಕರೊಬ್ಬರು, ರಾಯಚೂರು)

ಉತ್ತರ: ಸಂಭವನೀಯತೆ ಒಂದನ್ನು ಮೀರಿದ್ದರಿಂದ ದೋಷ ತಾನಾಗಿಯೇ ಬಯಲಾಯಿತು. ಸಂಖ್ಯೆಗಳು ಬೇರೆಯಾಗಿದ್ದರೆ ಇದೇ ದೋಷ ಕಣ್ತಪ್ಪಿಸಿ ಉಳಿದುಬಿಡುತ್ತಿತ್ತು. ಹುಡುಗಿಯರನ್ನು ಅ, ಆ, ಇ, ಈ ಎಂದು ಕರೆಯೋಣ. ಅ, ಆ ಮತ್ತು ಒಬ್ಬ ಹುಡುಗ ಇರುವ ಸಮಿತಿಯನ್ನು ನೋಡಿ: ಮೊದಲು ಅ ಬಂದು ಆಮೇಲೆ ಆ ‘ಉಳಿದವರಲ್ಲಿ’ ಸೇರಿದಾಗ ಅದು ಒಂದು ಸಲ, ಮೊದಲು ಆ ಬಂದು ಆಮೇಲೆ ಅ ಸೇರಿದಾಗ ಇನ್ನೊಂದು ಸಲ ಎಣಿಕೆಗೆ ಸಿಕ್ಕಿತು. ಒಬ್ಬಳೇ ಹುಡುಗಿ ಇರುವ ಸಮಿತಿಗಳು 60, ಇಬ್ಬರಿರುವವು 36, ಮೂವರೂ ಹುಡುಗಿಯರೇ ಆಗಿರುವವು 4. ನಿಮ್ಮ ಲೆಕ್ಕದಲ್ಲಿ 36 ಎರಡು ಪಟ್ಟಾಗಿ, 4 ಮೂರು ಪಟ್ಟಾಗಿ ಸೇರಿ 60 + 72 + 12 = 144 ಆಗಿದೆ. ನಿಜವಾದ ಸಂಖ್ಯೆ 100. ಹುಡುಗಿಯರೇ ಇಲ್ಲದ 20 ಸಮಿತಿಗಳನ್ನು 120ರಿಂದ ಕಳೆದರೂ ಇಷ್ಟೇ ಬರುತ್ತದೆ, ಸಂಭವನೀಯತೆ 5/6. ‘ಕನಿಷ್ಠ ಒಬ್ಬ’ ಎಂದು ಕಂಡಾಗ ಪೂರಕ ಘಟನೆಯಿಂದ ಹೊರಡುವುದೇ ಉತ್ತಮ.

ಪ್ರಶ್ನೆ: ಮೂರು ದಾಳಗಳಲ್ಲಿ ಮೊತ್ತ 9 ಆಗಲು ಆರು ಜೋಡಣೆಗಳು, 10 ಆಗಲೂ ಆರು. ಹಾಗಾದರೆ ಎರಡರ ಸಂಭವನೀಯತೆಯೂ ಒಂದೇ ಅಲ್ಲವೇ?
(ಓದುಗರು, ಶಿರಸಿ)

ಉತ್ತರ: ಅಲ್ಲ. ಇದೇ ಸಂದೇಹವನ್ನು ಹದಿನೇಳನೆಯ ಶತಮಾನದಲ್ಲಿ ಇಟಲಿಯ ಗೆಲಿಲಿಯೊ ಪರಿಹರಿಸಿದ್ದನು. ಆ ಆರು ಜೋಡಣೆಗಳು ಸಮಸಂಭವನೀಯವಲ್ಲ. 6, 2, 1 ಎಂಬುದು ಮೂರು ದಾಳಗಳ ಮೇಲೆ ಆರು ರೀತಿಗಳಲ್ಲಿ ಬೀಳಬಲ್ಲದು, 5, 2, 2 ಮೂರು ರೀತಿಗಳಲ್ಲಿ, 3, 3, 3 ಒಂದೇ ರೀತಿಯಲ್ಲಿ. ದಾಳಗಳು ನೋಡಲು ಒಂದೇ ತೆರನಾಗಿದ್ದರೂ ಅವು ಬೇರೆ ಬೇರೆ ವಸ್ತುಗಳು. ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು, ಮತ್ತೊಂದಕ್ಕೆ ಬಿಳಿ ಬಣ್ಣ ಬಳಿದು ಎಣಿಸಿದರೆ ಸಂದೇಹ ಉಳಿಯುವುದಿಲ್ಲ. ಹೀಗೆ ಎಣಿಸಿದಾಗ ಒಟ್ಟು 216 ಫಲಿತಗಳಲ್ಲಿ 9ಕ್ಕೆ ಸಿಗುವುದು 25, 10ಕ್ಕೆ 27. 10ರ ಜೋಡಣೆಗಳಲ್ಲಿ ಮೂರೂ ದಾಳಗಳಲ್ಲಿ ಒಂದೇ ಸಂಖ್ಯೆ ಬರುವುದು ಒಂದೂ ಇಲ್ಲ. 9ರಲ್ಲಿ 3, 3, 3 ಇದೆ. ಎರಡರ ಅಂತರ ಬಂದಿರುವುದು ಅಲ್ಲಿಂದಲೇ.