ಬಿಳಿ ಅನ್ನವೋ, ರಾಗಿ ಮುದ್ದೆಯೋ?

ಪ್ರಶ್ನೆ: ಸಕ್ಕರೆ ಕಾಯಿಲೆ ಬಂದ ಮೇಲೆ ನಮ್ಮ ತಂದೆಯವರು ಅನ್ನವನ್ನು ಪೂರ್ತಿ ಬಿಟ್ಟು, ಹೊತ್ತಿಗೆ ಎರಡು ದೊಡ್ಡ ಮುದ್ದೆ ಉಣ್ಣುತ್ತಾರೆ. ಆದರೂ ಸಕ್ಕರೆ ಇಳಿದಿಲ್ಲ. ಬಿಳಿ ಅಕ್ಕಿ ನಿಜವಾಗಿಯೂ ಅಷ್ಟು ಕೆಟ್ಟದ್ದೇ?
– ಓದುಗರು, ಶ್ರೀನಿವಾಸಪುರ, ಕೋಲಾರ ಜಿಲ್ಲೆ

ಉತ್ತರ: ಅಕ್ಕಿಯನ್ನು ಗಿರಣಿಯಲ್ಲಿ ಪಾಲಿಶ್ ಮಾಡಿದಾಗ ತೌಡಿನ ಜೊತೆಗೆ ಮೊಳಕೆಯ ಭಾಗವೂ ಹೋಗಿ, ನಾರು ಮತ್ತು ಬಿ1 ಜೀವಸತ್ವದ ಬಹುಪಾಲು ನಷ್ಟವಾಗುತ್ತದೆ, ಉಳಿಯುವುದು ಹೆಚ್ಚಾಗಿ ಪಿಷ್ಟ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ಸುಮಾರು 3 ಗ್ರಾಂ ಇದ್ದರೆ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ, ಸುಣ್ಣದ ಅಂಶವಂತೂ ರಾಗಿಯಲ್ಲಿ ಹತ್ತಾರು ಪಟ್ಟು ಹೆಚ್ಚು. ಆದ್ದರಿಂದ ಪೋಷಣೆಯ ದೃಷ್ಟಿಯಿಂದ ರಾಗಿಯೇ ಮೇಲು.

ಆದರೆ ರಾಗಿಯಲ್ಲಿಯೂ ಶೇಕಡ 65ಕ್ಕಿಂತ ಹೆಚ್ಚು ಪಿಷ್ಟಾದಿಗಳೇ ಇವೆ ಎಂಬುದನ್ನು ನಾವು ಮರೆಯುತ್ತೇವೆ. ಇಡೀ ಕಾಳಿಗಿಂತ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗುತ್ತದೆ. ಮೇಲಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಕಡೆಯ ಪದ್ಧತಿ (ಅಗಿದರೆ ಹಿರಿಯರು ನಗುತ್ತಾರೆ), ಹಾಗಾಗಿ ಎಷ್ಟು ಉಂಡೆವೆಂಬುದು ತಿಳಿಯುವ ಮೊದಲೇ ತಟ್ಟೆ ಖಾಲಿಯಾಗಿರುತ್ತದೆ. ನಿಮ್ಮ ತಂದೆಯವರ ತೊಂದರೆ ಧಾನ್ಯಕ್ಕಿಂತ ಅಳತೆಯಲ್ಲಿದೆ ಎಂದು ನನಗನ್ನಿಸುತ್ತದೆ.

ಒಂದು ಸಣ್ಣ ಮುದ್ದೆ, ಅದಕ್ಕೆ ತಿಳಿಸಾರಿನ ಬದಲು ಹುರುಳಿಕಾಳಿನ ಬಸ್ಸಾರು, ಪಕ್ಕದಲ್ಲಿ ಸೊಪ್ಪಿನ ಪಲ್ಯ ಧಾರಾಳವಾಗಿ ಇರಲಿ. ಕಾಳಿನ ಪ್ರೋಟೀನು ಮತ್ತು ನಾರು ರಕ್ತದಲ್ಲಿ ಸಕ್ಕರೆ ಏರುವ ವೇಗವನ್ನು ತಗ್ಗಿಸುತ್ತವೆ. ಇದೇ ಊಟದಲ್ಲಿ ಮುದ್ದೆಯನ್ನು ಕಡಿಮೆ ಮಾಡಿ ಒಂದು ಹಿಡಿ ಅನ್ನ ಉಂಡರೂ ತಪ್ಪಿಲ್ಲ. ಊಟದ ಅಳತೆ ಬದಲಾದಾಗ ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ಹೊಂದಿಸಿಕೊಳ್ಳಬೇಕು.